ಹನ್ನೊಂದು ಮಂದಿಯ ಉಚ್ಚೆ

“ಹನ್ನೊಂದು ಜನ ಮುಂಡೇರಿಗೂ ಒಂದೇ ದಿನ ಸಕ್ಕರೆ ಕಾಯಿಲೆ ಬಂತೇನ್ರೇ? ಒಂದೇ ತಟ್ಟೇಲಿ ಉಂಡ್ರಾ, ಇಲ್ಲ ಒಬ್ಬನೇ ಗಂಡನ ಹತ್ರ ಮಲಗಿದ್ರಾ?”

ಹಾಸ್ಟೆಲಿನ ವಾರ್ಡನ್ ಕೈಯಲ್ಲಿದ್ದ ಪರೀಕ್ಷೆಯ ಕಾಗದಗಳ ಕಂತೆಯನ್ನು ಇಸ್ತ್ರಿ ಮೇಜಿನ ಮೇಲೆ ಬಿಸಾಡಿದ. ಎಲ್ಲರೂ ದೊಡ್ಡಮ್ಮ ಎನ್ನುವ ಇಸ್ತ್ರಿಯವಳು ಪೆಟ್ಟಿಗೆಯನ್ನು ತಟ್ಟನೆ ಎತ್ತಿ ಹಿಡಿದಳು, ಇಲ್ಲದಿದ್ದರೆ ಹನ್ನೊಂದೂ ಸುಟ್ಟು ಕರಕಲಾಗುತ್ತಿದ್ದವು. ಸುಟ್ಟಿದ್ದರೇ ಚೆನ್ನಾಗಿತ್ತು ಎಂದು ಆಮೇಲೆ ಅನ್ನಿಸಿತು.

ಸುತ್ತಲಿನ ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಆ ಕಾರ್ಖಾನೆಯಲ್ಲಿ ಮುನ್ನೂರು ಹೆಂಗಸರು, ಏಳು ದೇಶ, ಏಳು ಭಾಷೆ. ವಾರ್ಡನ್ ಬೈಯುತ್ತಿದ್ದುದು ಈ ಹನ್ನೊಂದು ಜನರ ಭಾಷೆಯಲ್ಲಿ. ಅವನೂ ಇವರ ಕಡೆಯವನೇ. ಪರದೇಶದಲ್ಲಿ ತಾಯ್ನುಡಿ ಕಿವಿಗೆ ಬಿದ್ದರೆ ಜೀವ ತಣ್ಣಗಾಗುತ್ತದೆ ಎನ್ನುವವರು ಅದನ್ನು ಈ ಮನುಷ್ಯನ ಬಾಯಲ್ಲಿ ಒಂದು ದಿನ ಕೇಳಬೇಕು.

“ನಾಳೆ ಬೆಳಿಗ್ಗೆ ಎಂಟಕ್ಕೆ ಹನ್ನೊಂದು ಜನಾನೂ ಮತ್ತೆ ಕ್ಲಿನಿಕ್ಕಿಗೆ ಬರಬೇಕು. ಬಾಗಿಲು ತೆಗೆದಿಟ್ಟು, ಕಾವಲಿನವಳ ಕಣ್ಣೆದುರಿಗೇ ಕೂತು ಹೊಯ್ಯಬೇಕು. ಯಾರ ಹೊಟ್ಟೇಲಿ ಏನಿದೆ ಅಂತ ಆಗ ಗೊತ್ತಾಗುತ್ತೆ.”

ಅಸಲಿಗೆ ನಡೆದದ್ದು ಇಷ್ಟು. ಈ ದೇಶಕ್ಕೆ ಹೊಲಿಯಲು ಬಂದ ಹೆಂಗಸರು ಆರು ತಿಂಗಳಿಗೊಮ್ಮೆ ಕಂಪನಿಯ ಕ್ಲಿನಿಕ್ಕಿನಲ್ಲಿ ಲೋಟದೊಳಗೆ ಉಚ್ಚೆ ಕೊಡಬೇಕು. ಬಸಿರು ಅಂತ ಬಂದರೆ ಏಳು ದಿನದೊಳಗೆ ವಿಮಾನ. ತಾಳಿ ಕಟ್ಟಿದ ಗಂಡ ಇದೇ ಊರಿನಲ್ಲಿ ಗಾರೆ ಕೆಲಸಕ್ಕಿದ್ದರೂ ಅಷ್ಟೆ. ಹೋದ ವರ್ಷ ಕಾಲರ್ ಹೊಲಿಯುತ್ತಿದ್ದವಳೊಬ್ಬಳು ಪರೀಕ್ಷೆಗೆ ನಾಲ್ಕು ದಿನ ಮುಂಚೆ ಕಂಪನಿಯ ವ್ಯಾನ್ ಡ್ರೈವರ್ ಮಾರಿದ ಬಸಿರಿಳಿಸುವ ಮಾತ್ರೆ ನುಂಗಿ ಹಾಸ್ಟೆಲಿನ ಬಚ್ಚಲಲ್ಲಿ ಚಿಲಕ ಹಾಕಿಕೊಂಡಳು. ಆಸ್ಪತ್ರೆಗೆ ಒಯ್ದರೆ ಕಂಪನಿಗೆ ಗೊತ್ತಾಗುತ್ತದೆ ಎಂದು ಕೂಗು ಕೇಳಿಸದಂತೆ ಬಾಯಿಗೆ ಟವೆಲು ತುರುಕಿಕೊಂಡಿದ್ದಳು. ಬಾಗಿಲು ಒಡೆದವಳು ದೊಡ್ಡಮ್ಮ. ರಕ್ತ ತೊಳೆದವಳೂ ಅವಳೇ. ‘ಊರಿಗೆ ಹೋದಳು’ ಎಂದು ಕಂಪನಿ ರಿಜಿಸ್ಟರಿನಲ್ಲಿ ಬರೆದುಕೊಂಡಿತು. ಹೋದದ್ದು ನಿಜವೇ, ಪೆಟ್ಟಿಗೆಯಲ್ಲಿ.

ಅಂದಿನಿಂದ ದೊಡ್ಡಮ್ಮ ತನ್ನ ಉಚ್ಚೆಯನ್ನು ಹಂಚತೊಡಗಿದಳು. ಅವಳಿಗೆ ಐವತ್ತೊಂದು, ಮುಟ್ಟು ನಿಂತು ಮೂರು ವರ್ಷ. “ನನ್ನ ಹೊಟ್ಟೆ ಬೀಗ ಹಾಕಿದ ಮನೆ ಕಣ್ರೇ, ಧೈರ್ಯವಾಗಿ ತಗೊಂಡು ಹೋಗಿ” ಅನ್ನುತ್ತಿದ್ದಳು. ಖಾಲಿ ಶಾಂಪೂ ಬಾಟಲಿಯಲ್ಲಿ ತುಂಬಿ ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡು ಹೋದರೆ ಯಾರಿಗೂ ಅನುಮಾನ ಬಾರದು. ಹೋದ ಸಲ ಇಬ್ಬರು ಒಯ್ದಿದ್ದರು. ಈ ಸಲ ಬಸಿರಾದವಳು ಒಬ್ಬಳೇ, ಗುಂಡಿತೂತಿಗೆ ಕಾಜಾ ಹೊಲಿಯುವ ಹುಡುಗಿ. ಅವಳನ್ನು ಎಲ್ಲರೂ ಕಾಜಾ ಎಂದೇ ಕರೆಯುತ್ತಿದ್ದರು. ಆದರೆ ಹಾಸ್ಟೆಲಿನಲ್ಲಿ ಅವರ ಕೋಣೆಯ ಉಳಿದ ಒಂಬತ್ತು ಜನಕ್ಕೂ ತಮ್ಮ ಮೈಯ ಮೇಲೆ ನಂಬಿಕೆ ಇರಲಿಲ್ಲ. ಒಬ್ಬಳಿಗೆ ಉರಿಮೂತ್ರ, ಒಬ್ಬಳಿಗೆ ಸೊಂಟನೋವು, ಇನ್ನೊಬ್ಬಳಿಗೆ ಬರೀ ಹೆದರಿಕೆ. ಯಂತ್ರ ಏನು ಹೇಳಿಬಿಡುತ್ತದೋ! “ನಂಗೂ ಒಂಚೂರು ಕೊಡು ದೊಡ್ಡಮ್ಮ” ಎಂದು, ಪಕ್ಕದ ಮನೆಯಲ್ಲಿ ಹೆಪ್ಪಿಗೆ ಮಜ್ಜಿಗೆ ಕೇಳುವವರ ಹಾಗೆ ಬಾಟಲಿ ಹಿಡಿದು ಬಂದರು. ದೊಡ್ಡಮ್ಮನಿಗೆ ಕೊರತೆಯೂ ಇರಲಿಲ್ಲ. ಒಂದು ವರ್ಷದಿಂದ ಅವಳಿಗೆ ತೀರದ ಬಾಯಾರಿಕೆ, ಗಂಟೆಗೊಮ್ಮೆ ಬಚ್ಚಲು. ಇಸ್ತ್ರಿಯ ಕಾವಿಗೆ ಹೀಗಾಗುತ್ತದೆ ಎಂದುಕೊಂಡಿದ್ದಳು.

ಈಗ ಆ ಕಾಗದಗಳನ್ನು ನೋಡುತ್ತ ಅವಳಿಗೆ ತನ್ನ ಪಾದದ ಗಾಯ ನೆನಪಾಯಿತು. ಇಸ್ತ್ರಿ ತಾಗಿ ನಾಲ್ಕು ತಿಂಗಳಾದರೂ ಇನ್ನೂ ಒದ್ದೆ. ಓಹೋ, ಸಕ್ಕರೆ ನಂದು! ಹತ್ತು ಜನರ ಕಂಕುಳು ಸುತ್ತಿ ಬಂದು ನನ್ನ ಕಾಯಿಲೆ ನನಗೆ ಗೊತ್ತಾಗಬೇಕಾಯಿತಲ್ಲ! ನಗು ತಡೆಯಲಾಗಲಿಲ್ಲ. ವಾರ್ಡನ್ನನ ಮುಖದ ಮೇಲೇ ನಕ್ಕುಬಿಟ್ಟಳು.

“ನಗು ಮುದುಕಿ, ನಗು. ಇದಕ್ಕೆಲ್ಲ ಬೇರು ನೀನೇ ಅಂತ ನಂಗೊತ್ತು. ನಾಳೆ ಬೇರೇ ಕಿತ್ತು ಹಾಕ್ತೀನಿ.”

ಸಂಜೆ ಕೋಣೆಯಲ್ಲಿ ಯಾರೂ ನಗಲಿಲ್ಲ. ಒಂದರ ಮೇಲೊಂದು ಕಬ್ಬಿಣದ ಮಂಚ, ಕಿಟಕಿಗೆ ಅಡ್ಡಲಾಗಿ ಒಣಗಿದ ಲಂಗ, ಮಧ್ಯೆ ಕೂತ ಹನ್ನೊಂದು ಹೆಂಗಸರು.

“ನಿನ್ನ ಉಚ್ಚೆ ನಂಬಿ ಕೆಟ್ವಲ್ಲ ದೊಡ್ಡಮ್ಮ!” ಎಂದಳು ತೋಳು ಹೊಲಿಯುವವಳು. ಅವಳ ನಾಲಗೆ ಕತ್ತರಿಗಿಂತ ಹರಿತ. “ಕಾಜಾ ಒಬ್ಳೇ ಹೋಗಿ ಒಪ್ಕೊಳ್ಲಿ. ಅವಳ ಹೊಟ್ಟೆಗೋಸ್ಕರ ನಮ್ಮ ಹೊಟ್ಟೆಗೆ ಯಾಕೆ ಹೊಡ್ಕೋಬೇಕು?”

ಕಾಜಾ ಎದ್ದು ಬಚ್ಚಲ ಕಡೆ ನಡೆದಳು. ಅವಳ ಮುಷ್ಟಿ ಬಿಗಿಯಾಗಿದ್ದುದನ್ನು ದೊಡ್ಡಮ್ಮ ನೋಡಿದಳು. ಓಡಿಹೋಗಿ ಮಣಿಕಟ್ಟು ತಿರುಚಿದಳು. ಮಾತ್ರೆಯ ಪಟ್ಟಿ ನೆಲಕ್ಕೆ ಬಿತ್ತು. ದೊಡ್ಡಮ್ಮ ಹುಡುಗಿಯ ಕೆನ್ನೆಗೆ ಪಟೀರನೆ ಬಾರಿಸಿದಳು.

“ಯಾರದೇ ಅದು, ನಿನ್ನ ಹೊಟ್ಟೇಲಿರೋದು?”

“ನಮ್ಮವರದೇ ದೊಡ್ಡಮ್ಮ. ಇನ್ಯಾರದು?”

“ಮತ್ಯಾಕೆ ಕಳ್ಳಿ ಥರ ತೆಗೆಸೋಕೆ ಹೋಗ್ತೀಯ?”

“ಇನ್ನು ನಾಲ್ಕೇ ತಿಂಗಳು. ಇಬ್ಬರ ಕರಾರೂ ಮುಗಿಯುತ್ತೆ, ಒಟ್ಟಿಗೆ ಊರಿಗೆ ಹೋಗಿ ಅಲ್ಲೇ ಹೆರೋಣ ಅಂದ್ಕೊಂಡಿದ್ವಿ. ಈಗ ಓಡಿಸಿದ್ರೆ ಬೆರಳಚ್ಚಿನ ಮೇಲೆ ಕಪ್ಪು ಗುರುತು ಬೀಳುತ್ತಂತೆ, ಮತ್ತೆ ಯಾವ ದೇಶಾನೂ ಒಳಗೆ ಬಿಡಲ್ವಂತೆ. ಏನು ಮಾಡ್ಲಿ ಹೇಳು?”

ದೊಡ್ಡಮ್ಮ ಮಾತ್ರೆಗಳನ್ನು ಒಂದೊಂದಾಗಿ ಚರಂಡಿಯ ತೂತಿಗೆ ಉದುರಿಸಿದಳು. ತಿರುಗಿ ಬಂದು ಎಲ್ಲರ ನಡುವೆ ಕೂತಳು.

“ಇನ್ನೊಂದು ಹೆಣ ತೊಳೆಯೋಕೆ ನನ್ನ ಕೈಲಾಗಲ್ಲ. ಕೇಳಿ ಇಲ್ಲಿ. ನಾಳೆ ಯಾರೂ ಕೊಡೋದು ಬೇಡ. ಹನ್ನೊಂದು ಜನಾನೂ ‘ಬರ್ತಿಲ್ಲ’ ಅನ್ನಿ. ಒಬ್ಬಳನ್ನ ವಿಮಾನ ಹತ್ಸೋಕೆ ಅವನಿಗೆ ಒಂದು ಫೋನ್ ಸಾಕು. ಹನ್ನೊಂದು ಜನಾನ ಒಟ್ಟಿಗೆ ಕಳಿಸಿದ್ರೆ, ಈ ವಾರ ಹಡಗು ಹತ್ತಬೇಕಾದ ಅಂಗಿಗಳನ್ನ ಯಾರು ಮುಗಿಸ್ತಾರೆ, ಅವರಜ್ಜೀನಾ?”

ತೋಳಿನವಳು, “ನಾವೇನೋ ಹಿಡ್ಕೋತೀವಿ. ಗಂಟೆಗೊಂದ್ಸಲ ಓಡೋಳು ನೀನು. ನಿನ್ನ ಕೈಲಾಗುತ್ತಾ?” ಎಂದಳು.

ದೊಡ್ಡಮ್ಮ ಆಗಲೇ ಬಚ್ಚಲಿಗೆ ಎದ್ದಿದ್ದಳು.

ಕ್ಲಿನಿಕ್ಕಿನ ನೆಲ ಬೆಳ್ಳಗೆ ಹೊಳೆಯುತ್ತಿತ್ತು. ಗೋಡೆಗೆ ಒರಗಿಸಿದ ಉಕ್ಕಿನ ಕುರ್ಚಿಗಳಲ್ಲಿ ಅವರನ್ನು ಕೂರಿಸಿ, ಒಬ್ಬೊಬ್ಬಳ ಕೈಗೂ ನಂಬರು ಬರೆದ ಪ್ಲಾಸ್ಟಿಕ್ ಲೋಟ ಕೊಟ್ಟರು. ಎದುರಿಗೆ ಬಾಗಿಲು ತೆರೆದಿಟ್ಟ ಕಕ್ಕಸು, ಅದರ ಹೊಸ್ತಿಲಲ್ಲಿ ಕಾವಲಿನವಳು. ಡಾಕ್ಟರು ಈ ದೇಶದವನು, ಎಳೆಯ ಪ್ರಾಯ. ಕಂಪ್ಯೂಟರಿನಿಂದ ಕಣ್ಣು ಎತ್ತುತ್ತಿರಲಿಲ್ಲ. ಅವನ ಮಾತನ್ನು ಇವರಿಗೆ ತಿರುಗಿಸಿ ಹೇಳುವ ಕೆಲಸ ವಾರ್ಡನ್ನನದು.

“ಬರ್ತಿಲ್ಲ ಸಾರ್” ಎಂದಳು ಮೊದಲನೆಯವಳು. “ನಂಗೂ ಬರ್ತಿಲ್ಲ ಸಾರ್.” “ನಂಗೂ.” ಹನ್ನೊಂದು ಸಲ.

ವಾರ್ಡನ್ ಸಿಟ್ಟಾಗಲಿಲ್ಲ. ಲೀಟರಿನ ನೀರಿನ ಬಾಟಲಿಗಳನ್ನು ತರಿಸಿ, ಎದುರಿಗೇ ನಿಂತು ಪ್ರತಿಯೊಬ್ಬಳಿಗೂ ಒಂದೊಂದು ಕುಡಿಸಿದ. “ನಂಗೇನು ಅರ್ಜೆಂಟಿಲ್ಲ” ಎಂದ.

ಹೊತ್ತು ಹೋಯಿತು. ಹೊಟ್ಟೆಯ ಕಡೆ ಗಮನ ಹೋಗದಿರಲಿ ಎಂದು ದೊಡ್ಡಮ್ಮ ಕೇಳಿದಳು, “ನನ್ನ ಸಕ್ಕರೆ ವಿಷಯ ಡಾಕ್ಟರನ್ನ ಕೇಳಿ ಸಾರ್. ಕಾಲಿನ ಗಾಯ ಬೇರೆ ವಾಸಿಯಾಗ್ತಿಲ್ಲ.”

ಡಾಕ್ಟರು ಅವಳ ಪಾದ ನೋಡಿ ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿದ. ಪರದೆಯಲ್ಲಿ ಅವಳ ನಂಬರು ತೆಗೆದು, ಬೆರಳಿಟ್ಟು ತೋರಿಸುತ್ತ ಉದ್ದಕ್ಕೆ ಏನೋ ಹೇಳಿದ.

“ಅನ್‌ಫಿಟ್ ಅಂತೆ” ಎಂದ ವಾರ್ಡನ್.

ಅಷ್ಟುದ್ದ ಮಾತಿಗೆ ಇಷ್ಟೇ ಅರ್ಥವೇ? ದೊಡ್ಡಮ್ಮನಿಗೆ ಅವರ ಭಾಷೆ ಬಾರದಿದ್ದರೂ ಅಂಕಿ ಬರುತ್ತಿತ್ತು. ಪರದೆಯಲ್ಲಿ ಮೂರು ಸಾಲು, ಮೂರು ತಾರೀಖು. ಮೊದಲನೆಯದರ ಮುಂದೆ ಒಂದು ಕೂಡಿಸುವ ಗುರುತು, ಎರಡನೆಯದಕ್ಕೆ ಎರಡು, ಈ ಸಲದ್ದಕ್ಕೆ ನಾಲ್ಕು.

“ಇದು ಹೋದ ವರ್ಷದ್ದಲ್ವಾ? ನಿಮಗೆ ಆಗ್ಲೇ ಗೊತ್ತಿತ್ತಾ?”

“ಇಸ್ತ್ರಿ ಮಾಡ್ತಿದ್ದೆಯಲ್ಲ? ಕೈ ನಡೀತಿತ್ತಲ್ಲ? ನಿಂಗೆ ಹೇಳಿ ಏನಾಗ್ಬೇಕಿತ್ತು?”

“ಮದ್ದು ತಗೋತಿದ್ದೆ.”

“ಮದ್ದು ನಿಮ್ಮೂರಿಗೆ ಹೋಗಿ ತಗೋ. ಇಲ್ಲಿ ಫಿಟ್ಟೋ ಅನ್‌ಫಿಟ್ಟೋ ನೋಡ್ತಾರೆ, ಅಷ್ಟೇ.”

ಒಂದು ವರ್ಷ! ಒಂದು ವರ್ಷ ಅವಳ ಮೈ ಕೊಳೆಯಲು ಬಿಟ್ಟು, ಇವರು ಅವಳ ಕೈಯಲ್ಲಿ ಅಂಗಿಯ ಸುಕ್ಕು ತೆಗೆಸಿದ್ದರು. ಅಷ್ಟರಲ್ಲಿ ಕುಡಿದ ನೀರು ಒತ್ತತೊಡಗಿತು. ದೊಡ್ಡಮ್ಮ ಕಾಲಿಗೆ ಕಾಲು ಒತ್ತಿ ಹಿಡಿದಳು. ಹಣೆಯಲ್ಲಿ ಬೆವರು. ವಾರ್ಡನ್ನನಿಗೆ ಅದು ಕಾಣಿಸಿತು. ಅವಳೆದುರಿಗೆ ಕುರ್ಚಿ ಎಳೆದುಕೊಂಡು ಕೂತ. ಒಂದು ಲೋಟದಿಂದ ಇನ್ನೊಂದು ಲೋಟಕ್ಕೆ ನೀರು ಹೊಯ್ಯುತ್ತ, ಮತ್ತೆ ಮೊದಲನೆಯದಕ್ಕೆ ಹೊಯ್ಯುತ್ತ, ಆ ಸದ್ದು ಅವಳಿಗೆ ಕೇಳಿಸುವ ಹಾಗೆ ಕೈ ಎತ್ತಿ ಸುರಿಯತೊಡಗಿದ.

“ನೀನು ಕೊಟ್ರೆ ಉಳಿದೋರು ತಾವಾಗೇ ಕೊಡ್ತಾರೆ. ಯಾಕೆ ಒದ್ದಾಡ್ತೀಯ?” ಆಮೇಲೆ ಮುಖ ಹತ್ತಿರ ತಂದು ಮೆಲ್ಲಗೆ, “ಬೇಡ, ಬಸುರಿ ಯಾರು ಅಂತಷ್ಟೇ ಹೇಳ್ಬಿಡು. ನಿನ್ನ ಹೆಸರಿನ ಮುಂದೆ ಫಿಟ್ ಅಂತ ಬರೆಸಿ, ಮದ್ದೂ ನಾನೇ ಕೊಡಿಸ್ತೀನಿ” ಎಂದ.

ಸುಳ್ಳೇಕೆ ಹೇಳಬೇಕು, ದೊಡ್ಡಮ್ಮನಿಗೆ ಆಸೆಯಾಯಿತು. ಮದ್ದು ತಗೊಂಡರೆ ಗಾಯ ಒಣಗುತ್ತದೆ. ಎರಡು ಕಾಲಿನ ಮೇಲೆ ಊರಿಗೆ ಹೋಗಬಹುದು. ಕೊನೆಯ ಕುರ್ಚಿಯ ಕಡೆ ನೋಡಿದಳು. ಕಾಜಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅವಳನ್ನೇ ನೋಡುತ್ತಿದ್ದಳು. ನಿನ್ನೆ ಹೊಡೆದ ಕೆನ್ನೆ ಇನ್ನೂ ಊದಿಕೊಂಡಿತ್ತು.

“ಹೇಳ್ತೀಯಾ, ಲೋಟ ತುಂಬಿಸ್ತೀಯಾ?”

“ಲೋಟ ನಿನ್ನ ತಲೆ ಮೇಲೆ ಕವುಚ್ಕೊಳ್ಳೋ, ಬೇವರ್ಸಿ ನನ್ಮಗನೇ.”

ಕುರ್ಚಿಯಿಂದ ಏಳದೆ, ಸೀರೆ ಎತ್ತದೆ, ದೊಡ್ಡಮ್ಮ ಬಿಟ್ಟುಬಿಟ್ಟಳು. ಬಿಸಿಯಾಗಿ ತೊಡೆಗಿಳಿಯಿತು, ಪಾದದ ಗಾಯವನ್ನು ಸುಡುತ್ತ ಬಿಳಿ ನೆಲಕ್ಕೆ ಹರಿಯಿತು. ನಾಚಿಕೆಯಿಂದ ಸತ್ತೇಹೋಗುತ್ತೇನೆ ಎಂದುಕೊಂಡಿದ್ದಳು. ನಾಚಿಕೆ ಬರಲೇ ಇಲ್ಲ. ಎಷ್ಟೋ ದಿನದ ಮೇಲೆ ಹಾಯೆನಿಸಿತು.

ತೋಳಿನವಳು ಎದ್ದು ನಿಂತಳು. ಲೋಟವನ್ನು ನೆಲಕ್ಕೆ ಹಾಕಿ ತುಳಿದು, ನಿಂತಲ್ಲೇ ಬಿಟ್ಟಳು. ಆಮೇಲೆ ಅವಳ ಪಕ್ಕದವಳು. ಆಮೇಲೆ ಒಬ್ಬೊಬ್ಬರೇ, ಕೆಲವರು ಅಳುತ್ತ, ಕೆಲವರು ಬಾಯಿಗೆ ಬಂದಂತೆ ಬೈಯುತ್ತ. ಕಾಜಾಗೆ ಮಾತ್ರ ನಾಚಿಕೆ ಬಿಡಲಿಲ್ಲ. ದೊಡ್ಡಮ್ಮ ಒದ್ದೆ ಸೀರೆಯಲ್ಲೇ ನಡೆದುಹೋಗಿ ಅವಳ ಕೈ ಹಿಡಿದುಕೊಂಡು, “ಬಿಡೇ ಮಗಳೇ, ಯಾರೂ ನೋಡ್ತಿಲ್ಲ” ಎಂದಳು. ಎಲ್ಲರೂ ನೋಡುತ್ತಿದ್ದರು. ಹುಡುಗಿ ಕಣ್ಣು ಮುಚ್ಚಿ ಬಿಟ್ಟಳು. ಹನ್ನೊಂದೂ ಒಂದಾಗಿ ಡಾಕ್ಟರನ ಮೇಜಿನ ಕೆಳಗೆ ಹೋಯಿತು. ಅವನು ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡು ಫೋನಿನಲ್ಲಿ ಯಾರನ್ನೋ ಕೂಗಿ ಕರೆಯುತ್ತಿದ್ದ.

“ತಗೋ, ಪರೀಕ್ಷೆ ಮಾಡ್ಸು” ಎಂದಳು ದೊಡ್ಡಮ್ಮ. “ಇದ್ರಲ್ಲಿ ಬಸುರಿದು ಯಾವುದು, ಮುದುಕಿದು ಯಾವುದು, ಹುಡುಕ್ಕೋ.”

ವಾರ್ಡನ್ ಕಿರುಚಿದ ರಭಸಕ್ಕೆ ಕ್ಲಿನಿಕ್ಕಿನ ಕಸ ಗುಡಿಸುವವಳು ನೆಲ ಒರೆಸುವ ಕೋಲು ಹಿಡಿದು ಓಡಿಬಂದಳು. ಅವಳೂ ಯಾವುದೋ ದೇಶದಿಂದ ಬಂದವಳು. ಇವರ ಭಾಷೆ ಅವಳಿಗಿಲ್ಲ, ಅವಳ ಭಾಷೆ ಇವರಿಗಿಲ್ಲ. ಒದ್ದೆ ನೆಲ ನೋಡಿದಳು, ಹನ್ನೊಂದು ಒದ್ದೆ ಹೆಂಗಸರನ್ನು ನೋಡಿದಳು, ತುಳಿದು ಚಪ್ಪಟೆಯಾದ ಲೋಟ ನೋಡಿದಳು. ಅವಳಿಗೂ ಆರು ತಿಂಗಳಿಗೊಮ್ಮೆ ಇದೇ ಲೋಟ. ಕೋಲನ್ನು ವಾರ್ಡನ್ನನ ಕೈಗೆ ಕೊಟ್ಟು ಹೊರಗೆ ಹೋದಳು.

ಹೊರಗೆ ಗಾಡಿಯೊಂದು ಬಂದು ನಿಂತ ಸದ್ದಾಯಿತು. ಬೂಟುಗಳು ಮೆಟ್ಟಿಲು ಹತ್ತತೊಡಗಿದವು. ದೊಡ್ಡಮ್ಮ ಕಾಜಾಳನ್ನು ತನ್ನ ಬೆನ್ನ ಹಿಂದಕ್ಕೆ ಎಳೆದುಕೊಂಡಳು. ಉಳಿದವರೂ ಎದ್ದು ಬಂದು ಒತ್ತಿಕೊಂಡು ನಿಂತರು.

“ಬೇಗ ಬೇಗ ಒರೆಸಿ ಸಾರ್” ಎಂದಳು ದೊಡ್ಡಮ್ಮ. “ಇನ್ನೊಂದು ಗಂಟೇಲಿ ನಂಗೆ ಮತ್ತೆ ಬರುತ್ತೆ.”