ಭೀಮ ಮೊಟ್ಟೆಯಿಟ್ಟದ್ದು

ರಿಪ್ಪನ್‌ಪೇಟೆ ಬಸ್ ನಿಲ್ದಾಣದ ಎದುರಿಗೆ ದೀಪಕನ ಮೊಬೈಲ್ ಅಂಗಡಿ. ಅದರ ಮಹಡಿಯಲ್ಲಿ ಅವನ ಅಕ್ಕ ಸುಮನಾ ರವಿಕೆ ಹೊಲಿಯುತ್ತಿದ್ದಳು. ಕೆಳಗೆ ಬರುವವರಲ್ಲಿ ಅರ್ಧ ಜನ ಭೀಮನನ್ನು ನೋಡಲೆಂದೇ ಬರುತ್ತಿದ್ದರು. ಭೀಮ ಎಂದರೆ ಗೋಸುಂಬೆ. ನಮ್ಮ ಕಾಡಿನದ್ದಲ್ಲ, ಯೆಮೆನ್ ಕಡೆಯ ಜಾತಿ. ಊರು ಬಿಟ್ಟ ಗೆಳೆಯನೊಬ್ಬ ಕಾಗದಪತ್ರ ಸಮೇತ ದೀಪಕನಿಗೆ ಒಪ್ಪಿಸಿ ಹೋಗಿದ್ದ. ಒಂದು ಕಣ್ಣು ಬಾಗಿಲಿಗೆ, ಇನ್ನೊಂದು ಸೂರಿಗೆ ತಿರುಗಿಸಿ ಕೂರುವ ಆ ಪ್ರಾಣಿಯನ್ನು ಕಂಡರೆ ಸುಮನಾಗೆ ಮೈ ಜುಮ್ಮೆನ್ನುತ್ತಿತ್ತು.

ಒಂದು ಬೆಳಿಗ್ಗೆ ದೀಪಕ ಪಂಜರವನ್ನೇ ಎತ್ತಿಕೊಂಡು ಮೇಲೆ ಬಂದ.

“ಅಕ್ಕ, ಇದು ಇಲ್ಲಿರ್ಲಿ ಸ್ವಲ್ಪ ದಿನ. ಭೀಮ ಹೆಣ್ಣಂತೆ!”

ಮಿಡತೆ ಕೊಟ್ಟರೂ ಭೀಮ ಬಾಯಿ ತೆರೆಯದೆ, ಕೊಂಬೆ ಬಿಟ್ಟಿಳಿದು ಪಂಜರದ ತಳ ಕೆರೆಯತೊಡಗಿದಾಗ ದೀಪಕ ಹೆದರಿ ಸಾಗರದ ಪಶುವೈದ್ಯೆ ವಿನಯಾ ಬಳಿ ಒಯ್ದಿದ್ದ. ಅವರು ಹೊಟ್ಟೆ ಮುಟ್ಟಿ ನೋಡಿ, ಒಳಗೆ ಮೊಟ್ಟೆ ತುಂಬಿದೆ, ಗಂಡಾಗಿದ್ದರೆ ಹಿಂಗಾಲಿನ ಹಿಮ್ಮಡಿಯಲ್ಲಿ ಮುಳ್ಳಿನಂಥದ್ದು ಇರಬೇಕಿತ್ತು ಎಂದು ನಕ್ಕಿದ್ದರಂತೆ.

“ಗಂಡೇ ಇಲ್ದೆ ಮೊಟ್ಟೆ ಹೆಂಗೋ?” ಎಂದಳು ಸುಮನಾ.

“ಫಾರಂ ಕೋಳಿ ಇಡಲ್ವಾ, ಹಂಗೇ. ಮರಿ ಆಗಲ್ಲ, ಆದ್ರೆ ಇಡ್ಲೇಬೇಕು. ಮಣ್ಣಲ್ಲಿ ಹೊಂಡ ತೋಡಿ ಇಡೋದಂತೆ. ಯಾರಾದ್ರೂ ನೋಡ್ತಿದ್ರೆ ಇಡಲ್ಲ. ಹೊಟ್ಟೇಲೇ ಉಳಿದ್ರೆ ಸತ್ತೇ ಹೋಗ್ತದೆ. ಅಂಗಡೀಲಿ ಎಲ್ಲಿ ಮರೆ ಮಾಡ್ಲಿ ಹೇಳು?”

ಸುಮನಾ ಪಂಜರದತ್ತ ನೋಡಿದಳು. ಹಸಿರು ಮೈ ಕಪ್ಪಿಟ್ಟಿತ್ತು, ಹೊಟ್ಟೆ ಉಬ್ಬಿ ಗಂಟುಗಂಟಾಗಿತ್ತು. ಅದು ಜಾಲರಿಗೆ ಉಗುರು ಹಾಕಿ ಒಂದೇ ಸಮನೆ ಕೆರೆಯುತ್ತಿತ್ತು.

“ಇಟ್ಟು ಹೋಗು. ಆದ್ರೆ ನಾನು ಮುಟ್ಟಲ್ಲ,” ಎಂದಳು.

ದೀಪಕ ಬಕೆಟ್ ತುಂಬ ಹೊಳೆಮರಳು ತಂದು ಪಂಜರದೊಳಗಿಟ್ಟ. ಗೋಸುಂಬೆ ಅದರೊಳಗಿಳಿದು ತೋಡಿತು. ಒಣ ಮರಳು, ತೋಡಿದಷ್ಟೂ ಕುಸಿಯಿತು. ದಣಿದು ಸುಮ್ಮನೆ ಕೂತುಬಿಟ್ಟಿತು. ಮುಟ್ಟಲ್ಲ ಎಂದಿದ್ದ ಸುಮನಾಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ಹಿತ್ತಲಿನಿಂದ ಮಣ್ಣು ತಂದು ಜರಡಿ ಹಿಡಿದು, ಮರಳಿಗೆ ಬೆರೆಸಿ ನೀರು ಚಿಮುಕಿಸಿದಳು. ಹಿಡಿಯಲ್ಲಿ ಹಿಚುಕಿದರೆ ಉಂಡೆ ನಿಲ್ಲಬೇಕು, ನೀರು ಸೋರಬಾರದು. ಅಷ್ಟು ಹದ. ಹಳೇ ಸೀರೆಯೊಂದನ್ನು ಪಂಜರಕ್ಕೆ ಹೊದಿಸಿ, ಹೊಲಿಗೆ ಯಂತ್ರವನ್ನು ಮೆಟ್ಟಿಲ ಬದಿಗೆ ಎಳೆದುಕೊಂಡು ಬಾಗಿಲು ಹಾಕಿದಳು.

ಮಾರನೆಯ ದಿನ ಒಳಗಿಂದ ಪರಪರ ಸದ್ದು ಕೇಳಿತು. ಓಡಿ ಬಂದ ದೀಪಕ ತಡೆಯಲಾರದೆ ಸೀರೆ ಸರಿಸಿ ಇಣುಕಿದ. ಹೊಂಡದಿಂದ ಹೊರಬಂದ ಗೋಸುಂಬೆ ಅವನನ್ನು ನೋಡಿ ಬುಸ್ಸೆಂದು ಕೊಂಬೆ ಹತ್ತಿಬಿಟ್ಟಿತು. ಆ ದಿನ ಮತ್ತೆ ಇಳಿಯಲೇ ಇಲ್ಲ.

“ಬುದ್ಧಿ ಇದ್ಯೇನೋ ನಿಂಗೆ? ಇನ್ನು ಈ ಮೆಟ್ಲು ಹತ್ತಿದ್ರೆ ನೋಡು!” ಸುಮನಾ ಬೈದ ಬೈಗುಳ ಬಸ್ ನಿಲ್ದಾಣಕ್ಕೂ ಕೇಳಿಸಿತು.

ಮರುದಿನ ಒಳಗೆ ಮತ್ತೆ ಕೆರೆತ ಶುರುವಾಯಿತು. ಅಳತೆ ಕೊಡಲು ಬಂದ ಮದುಮಗಳು ಭವ್ಯಶ್ರೀಯನ್ನೂ ಅವಳು ಬಾಗಿಲಲ್ಲೇ ತಡೆದಳು.

“ಇಲ್ಲೇ ನಿಲ್ಲು ಮಾರಾಯ್ತಿ. ಒಳಗೆ ಹೆರಿಗೆ.”

“ಯಾರಿಗಕ್ಕ?” ಭವ್ಯಶ್ರೀ ಗಾಬರಿಯಾದಳು. ವಿಷಯ ತಿಳಿದ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಆಮೇಲೆ ಅಳತೆ ಮುಗಿಯುವ ತನಕ ಪಿಸುದನಿಯಲ್ಲೇ ಮಾತಾಡಿದಳು.

ಒಳಗೆ ಕೆರೆತ ನಿಂತಿತು. ಎಷ್ಟು ಹೊತ್ತಾದರೂ ಸದ್ದಿಲ್ಲ. ಸತ್ತೇ ಹೋಯಿತೇನೋ ಎಂದು ಸುಮನಾ ಹೊಲಿಗೆ ಬಿಟ್ಟು ಎದ್ದಳು. ಬಾಗಿಲ ಮೇಲೆ ಕೈಯಿಟ್ಟಳು, ಮತ್ತೆ ಹಿಂದಕ್ಕೆಳೆದುಕೊಂಡಳು. ಮಧ್ಯಾಹ್ನ ಕಳೆದ ಮೇಲೆ ಮಣ್ಣು ಎಳೆದು ತುಳಿಯುವಂಥ ಬೇರೆಯದೇ ಸದ್ದು ಶುರುವಾಯಿತು. ಅದೂ ನಿಂತು, ಕೊಂಬೆ ಅಲ್ಲಾಡಿದ ಸದ್ದು ಕೇಳಿದ ಮೇಲೆಯೇ ಅವಳು ಸೀರೆ ಸರಿಸಿದ್ದು.

ಗೋಸುಂಬೆ ಕೊಂಬೆಯ ಮೇಲಿತ್ತು. ಹೊಟ್ಟೆ ಒಳಸೇರಿ ಪಕ್ಕೆಲುಬು ಕಾಣುತ್ತಿತ್ತು, ಮುಖದ ತುಂಬ ಮಣ್ಣು. ಬಕೆಟ್ಟಿನ ಮಣ್ಣು ಏನೂ ಆಗಿಲ್ಲವೆಂಬಂತೆ ಸಮತಟ್ಟಾಗಿತ್ತು.

“ಗೆದ್ದೆ ಕಣೇ!” ಎಂದಳು ಸುಮನಾ.

ಸೊಪ್ಪಿನ ಮೇಲೆ ನೀರು ಚಿಮುಕಿಸಿದಳು. ಅದು ಕಣ್ಣು ಮುಚ್ಚಿ, ಹನಿಹನಿಯಾಗಿ ಬಹಳ ಹೊತ್ತು ಕುಡಿಯಿತು. ಅಷ್ಟರಲ್ಲಿ ಮೆಟ್ಟಿಲ ಕೆಳಗಿಂದ ದೀಪಕ ಕೂಗಿದ:

“ಅಕ್ಕ, ಬರ್‍ಲಾ?”

“ಬಾ. ಬರೋವಾಗ ಡಾಕ್ಟ್ರು ಕೊಟ್ಟ ಕ್ಯಾಲ್ಸಿಯಂ ಪುಡಿ ತಾ, ನಾಕು ಮಿಡತೇನೂ ತಾ. ಇನ್ನು ಇದು ಅಂಗಡಿಗೆ ಇಳಿಯಲ್ಲ, ಇಲ್ಲೇ ಇರ್ತದೆ.”

ಪುಡಿ ಸವರಿದ ಮಿಡತೆಯನ್ನು ಸುಮನಾ ಎರಡು ಬೆರಳಲ್ಲಿ ಹಿಡಿದು, ಮುಖ ಆಚೆ ತಿರುಗಿಸಿ ಕೈ ಚಾಚಿದಳು. ಉದ್ದನೆಯ ನಾಲಗೆ ಛಟ್ಟನೆ ಬಂದು ಬೆರಳಿಗೆ ತಾಗಿತು. ಅವಳು ಕಿರುಚಲಿಲ್ಲ. ಇನ್ನೊಂದು ಮಿಡತೆ ಕೊಡೆಂದು ತಮ್ಮನ ಕಡೆ ಕೈ ನೀಡಿದಳು.