ಬೀಗರ ಪ್ರಿಂಟರು

ನೀರು ಸರಬರಾಜು ಕಚೇರಿಯ ಮೊದಲ ಮಹಡಿಯಲ್ಲಿ ಎದುರುಬದುರಾಗಿ ಎರಡು ಕೋಣೆಗಳಿದ್ದವು. ಎಡಗಡೆಯದು ಹೊಸ ನಲ್ಲಿ ಮಂಜೂರು ಮಾಡುವ ವಿಭಾಗ. ಬಲಗಡೆಯದು, ಹಾಗೆ ಮಂಜೂರಾದ ನಲ್ಲಿಯಲ್ಲಿ ನೀರು ಬಾರದಿದ್ದಾಗ ದೂರು ತೆಗೆದುಕೊಳ್ಳುವ ವಿಭಾಗ. ಎಡಗಡೆಯಿಂದ ನಗುನಗುತ್ತಾ ಹೊರಬಿದ್ದವರು ಒಂದಲ್ಲ ಒಂದು ದಿನ ಮುಖ ಊದಿಸಿಕೊಂಡು ಬಲಗಡೆಗೆ ಬಂದೇ ಬರುತ್ತಿದ್ದರು. ಎಡಗಡೆಯ ಮುಖ್ಯಸ್ಥರಿಗೆ ನಲ್ಲಿ ಸಾಹೇಬರೆಂದೂ ಬಲಗಡೆಯವರಿಗೆ ದೂರು ಸಾಹೇಬರೆಂದೂ ಹೆಸರು ಬಿದ್ದುಹೋಗಿತ್ತು.

ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಒಬ್ಬರ ಬುತ್ತಿಗೆ ಇನ್ನೊಬ್ಬರು ಕೈಹಾಕುತ್ತಾ, ಹೋಗೋ ಬಾರೋ ಎಂದು ಕೂಗಾಡುತ್ತಾ ತಲೆಗೂದಲು ನರೆಸಿಕೊಂಡವರು. ಇಷ್ಟು ಒಳ್ಳೆಯ ಸ್ನೇಹವನ್ನು ಇನ್ನಷ್ಟು ಗಟ್ಟಿ ಮಾಡೋಣವೆಂದು ನಲ್ಲಿ ಸಾಹೇಬರ ಮಗಳನ್ನು ದೂರು ಸಾಹೇಬರ ಮಗನಿಗೆ ಕೊಟ್ಟು ಮದುವೆ ಮಾಡಿದರು. ಅಲ್ಲಿಗೆ ಸ್ನೇಹ ಕೈಬಿಟ್ಟು ಹೋಯಿತು. ಬೀಗರಾದ ದಿನದಿಂದಲೇ ಇಬ್ಬರ ಬಾಯಿಗೂ ಬೀಗ ಬಿತ್ತು. ಹೋಗೋ ಬಾರೋ ಹೋಗಿ 'ದಯಮಾಡಿಸಿ ಬೀಗರೇ' ಬಂತು. ಬುತ್ತಿಗಳು ಬೇರೆ ಬೇರೆ ಮೇಜಿನ ಮೇಲೆ ಬಿಚ್ಚಿಕೊಂಡವು. ಜಗಳವಾಡಿದರೆ ಮಕ್ಕಳ ಸಂಸಾರಕ್ಕೆ ತಟ್ಟೀತು, ಸಲಿಗೆ ತೋರಿದರೆ ಬೀಗರು ಹಗುರವಾಗಿ ಕಂಡಾರು ಎಂದು ಇಬ್ಬರೂ ಗಾಜಿನ ಪಾತ್ರೆ ಹಿಡಿದವರಂತೆ ಓಡಾಡತೊಡಗಿದರು.

ಮೊಮ್ಮಗು ಹುಟ್ಟಿದರೂ ಇದು ಬದಲಾಗಲಿಲ್ಲ. ಇಂಥ ಹೊತ್ತಿನಲ್ಲಿ ಕಚೇರಿಗೆ ಹೊಸ ಪ್ರಿಂಟರು ಬಂತು. ಎರಡೂ ಕೋಣೆಗಳಲ್ಲಿದ್ದ ಹಳೆಯ ಪುಟ್ಟ ಪ್ರಿಂಟರುಗಳನ್ನು ಉಗ್ರಾಣದವರು ಬಂದು ಎತ್ತಿಕೊಂಡು ಹೋದರು. ಹೊಸದು ಬೀರುವಿನಷ್ಟು ದೊಡ್ಡದು. "ಎರಡೂ ವಿಭಾಗದವರು ಹಂಚಿಕೊಂಡು ಬಳಸಿ. ಹೇಗಿದ್ರೂ ನೀವು ಬೀಗರು, ತಂಟೆ ಇರಲ್ಲ," ಎಂದರು ದೊಡ್ಡ ಸಾಹೇಬರು.

ಪ್ರಿಂಟರು ತಮ್ಮ ಕೋಣೆಯಲ್ಲೇ ಇರಬೇಕೆಂದು ನಲ್ಲಿ ಸಾಹೇಬರಿಗೆ ಆಸೆ. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? "ನಿಮ್ಮ ಕೋಣೆಯಲ್ಲೇ ಇರಲಿ ಬೀಗರೇ," ಎಂದರು.

"ಛೇ ಛೇ, ನಿಮ್ಮಲ್ಲೇ ಶೋಭೆ. ನಮ್ಮಲ್ಲಿ ಜಾಗ ಎಲ್ಲಿದೆ," ಎಂದರು ದೂರು ಸಾಹೇಬರು, ಆಗಲೇ ಕಿಟಕಿಯ ಪಕ್ಕ ಜಾಗ ತೆರವು ಮಾಡಿಸಿ ನೆಲ ಒರೆಸಿಟ್ಟವರು.

ಪ್ರಿಂಟರು ಹೊತ್ತು ತಂದವರು ಬಾಗಿಲಿಂದ ಬಾಗಿಲಿಗೆ ತಲೆ ತಿರುಗಿಸಿ ಸುಸ್ತಾಗಿ ಅದನ್ನು ಎರಡೂ ಕೋಣೆಗಳ ನಡುವಿನ ಓಣಿಯಲ್ಲೇ ಇಳಿಸಿ ಹೊರಟುಹೋದರು. ಅದು ಅಲ್ಲೇ ಉಳಿಯಿತು.

ಮರುದಿನ ಕಂಪ್ಯೂಟರ್ ರಿಪೇರಿಯವನು ಬಂದ. ಗೋಡೆಯಲ್ಲಿದ್ದ ನೆಟ್‌ವರ್ಕಿನ ತೂತನ್ನು ನೋಡಿ ಖುಷಿಪಟ್ಟ. "ಈ ವೈರನ್ನ ಇಲ್ಲಿಗೆ ಚುಚ್ಚಿ ಪ್ರಿಂಟರಿಗೆ ಅದರದೇ ಒಂದು ವಿಳಾಸ ಕೊಟ್ಟುಬಿಡ್ತೀನಿ ಸಾರ್. ಯಾರ ಕಂಪ್ಯೂಟರಿಂದ ಬೇಕಾದ್ರೂ ಸೀದಾ ಬರುತ್ತೆ. ಯಾರ ಹಂಗೂ ಇರಲ್ಲ."

ದೊಡ್ಡ ಸಾಹೇಬರ ಮುಖ ಸಣ್ಣದಾಯಿತು. "ಯಾರ ಹಂಗೂ ಇಲ್ದೆ ಇದ್ರೆ ಹೇಗಪ್ಪಾ? ಕೆಟ್ಟರೆ ನಾನು ಯಾರನ್ನ ಕೇಳಲಿ? ಯಾರಾದ್ರೂ ಒಬ್ರು ಜವಾಬ್ದಾರಿ ಇರಬೇಕು."

ಹಾಗಾಗಿ ರಿಪೇರಿಯವನು ಪ್ರಿಂಟರಿನ ವೈರನ್ನು ನಲ್ಲಿ ಸಾಹೇಬರ ಕಂಪ್ಯೂಟರಿಗೆ ಸಿಕ್ಕಿಸಿ, ಅಲ್ಲಿಂದ ಮಿಕ್ಕವರಿಗೆಲ್ಲ ಹಂಚಿದ. "ನಿಮ್ಮ ಕಂಪ್ಯೂಟರು ಆನ್ ಇದ್ರೆ ಮಾತ್ರ ಬೇರೆಯವರಿಗೆ ಪ್ರಿಂಟು ಬರುತ್ತೆ ಸಾರ್, ನೆನಪಿರಲಿ," ಎಂದು ಹೇಳಿಹೋದ. ಒಂದೇ ಪ್ರಿಂಟರಾದ ಮೇಲೆ ಕಾಗದವೂ ಒಂದೇ ಕಡೆ ಇರಲಿ ಎಂದು ಉಗ್ರಾಣದವರು ಕಾಗದದ ಕಟ್ಟುಗಳನ್ನೆಲ್ಲ ದೂರು ಸಾಹೇಬರ ಸುಪರ್ದಿಗೆ ಒಪ್ಪಿಸಿದರು. ಎಲ್ಲರಿಗೂ ನ್ಯಾಯ ಸಿಕ್ಕಿತೆಂದು ದೊಡ್ಡ ಸಾಹೇಬರು ಕೈ ತೊಳೆದುಕೊಂಡರು.

ನಲ್ಲಿ ಸಾಹೇಬರು ಎದ್ದುಹೋಗುವಾಗ ದೀಪ, ಫ್ಯಾನು, ಕಂಪ್ಯೂಟರು ಎಲ್ಲವನ್ನೂ ಆರಿಸುವ ಮನುಷ್ಯ. ಅದು ಅವರ ಅಪ್ಪನಿಂದ ಬಂದ ಅಭ್ಯಾಸ. ಮುಂದಿನ ವಾರ ಮೊಮ್ಮಗುವಿಗೆ ಚುಚ್ಚುಮದ್ದು ಹಾಕಿಸಲು ಮಗಳ ಜೊತೆ ಹೋಗಬೇಕಾಗಿ ಬಂದು, ಹಿಂದಿನ ಸಂಜೆ ಎಂದಿನಂತೆ ಎಲ್ಲವನ್ನೂ ಆರಿಸಿ ರಜೆ ಹಾಕಿದರು. ಆ ದಿನ ದೂರು ವಿಭಾಗದಿಂದ ಒಂದು ಹಾಳೆಯೂ ಹೊರಬೀಳಲಿಲ್ಲ.

ದೂರು ಸಾಹೇಬರು ಏನೂ ಅನ್ನಲಿಲ್ಲ. ಬೀಗರನ್ನು ಅನ್ನುವುದುಂಟೇ? ಪ್ರಿಂಟರಿನ ಪಕ್ಕದಲ್ಲಿ ಇಡುತ್ತಿದ್ದ ಕಾಗದದ ಕಟ್ಟನ್ನು ಮಾತ್ರ ಎತ್ತಿ ತಮ್ಮ ಕಪಾಟಿನೊಳಗಿಟ್ಟು ಬೀಗ ಹಾಕಿದರು. ಮಾರನೆಯ ದಿನ ನಲ್ಲಿ ಸಾಹೇಬರು ಕೇಳಿದಾಗ, "ಓಣೀಲಿ ಧೂಳು ನೋಡಿ ಬೀಗರೇ. ಬೇಕಾದಾಗ ಹೇಳಿ ಕಳ್ಸಿ," ಎಂದು ನಕ್ಕರು.

ಹೇಳಿ ಕಳಿಸಬೇಕಂತೆ. ನಲ್ಲಿ ಸಾಹೇಬರ ಎದೆಯಲ್ಲಿ ಆ ಮಾತು ಮುಳ್ಳಿನಂತೆ ಕೂತಿತು. ಕೋಣೆಗೆ ವಾಪಸು ಬಂದು, ಕಂಪ್ಯೂಟರನ್ನು ಯಾರೂ ತೆರೆಯದಂತೆ ಗುಪ್ತಪದ ಹಾಕಿ ಆರಿಸಿದರು. "ಕರೆಂಟು ಉಳೀಲಿ," ಎಂದು ತಮಗೆ ತಾವೇ ಹೇಳಿಕೊಂಡರು. ಸಂಜೆ ಮನೆಯಲ್ಲಿ ಹೆಂಡತಿಗೆ ಇದನ್ನು ವಿವರಿಸಿದಾಗ ಆಕೆ ಸೊಪ್ಪು ಬಿಡಿಸುತ್ತಾ, "ಇಬ್ರಿಗೂ ರಿಟೈರಾಗೋ ವಯಸ್ಸು," ಎಂದಷ್ಟೇ ಹೇಳಿದರು.

ಅಲ್ಲಿಂದಾಚೆಗೆ ಒಂದು ಕಡೆ ಕಂಪ್ಯೂಟರು, ಇನ್ನೊಂದು ಕಡೆ ಕಾಗದ, ನಡುವೆ ಓಣಿಯಲ್ಲಿ ಪ್ರಿಂಟರು. ಇಬ್ಬರೂ ಎದುರಾದಾಗಲೆಲ್ಲ ತಲೆ ಬಾಗಿಸಿ, ಮೊಮ್ಮಗು ಹೇಗಿದೆ ಎಂದು ವಿಚಾರಿಸಿ, ಪ್ರಿಂಟರನ್ನು ಸುತ್ತಿಬಳಸಿ ಆಚೀಚೆ ಹೋಗುತ್ತಿದ್ದರು.

ನಡುವೆ ಸಿಕ್ಕಿಕೊಂಡವರು ಜನ. ದೂರು ಬರೆದುಕೊಳ್ಳಲು ಒಬ್ಬಳು ಗುಮಾಸ್ತೆ ಇದ್ದಳು. ಅಚ್ಚಾದ ರಸೀದಿಯಲ್ಲಿ ನಂಬರು ಬಿದ್ದರೆ ಮಾತ್ರ ದೂರು ದಾಖಲಾದ ಹಾಗೆ. ರಸೀದಿ ಇಲ್ಲವೆಂದರೆ ದೂರೇ ಇಲ್ಲ. ಪಾಪ, ಆಕೆ ಬಂದವರ ಕಷ್ಟವನ್ನೆಲ್ಲ ಕಂಪ್ಯೂಟರಿಗೆ ಬಡಿದು, ಪ್ರಿಂಟಿನ ಗುಂಡಿ ಒತ್ತಿ, ಓಣಿಯತ್ತ ಕಿವಿಗೊಟ್ಟು, ಇನ್ನೊಮ್ಮೆ ಒತ್ತಿ, "ನಾಳೆ ಬನ್ನಿ," ಎನ್ನುತ್ತಿದ್ದಳು. ನಾಳೆ ಬಂದವರಿಗೂ ಅದೇ.

ಹೀಗೆ ಇಡೀ ಒಂದು ತಿಂಗಳು ಕಳೆದು ಕೇಂದ್ರ ಕಚೇರಿಗೆ ಲೆಕ್ಕ ಹೋಯಿತು. ದಾಖಲಾದ ದೂರುಗಳು: ಸೊನ್ನೆ.

ಬಯ್ಗುಳ ಬರುತ್ತದೆಂದು ದೊಡ್ಡ ಸಾಹೇಬರು ಹೆದರಿ ಕೂತಿದ್ದರೆ, ಬಂದದ್ದು ಅಭಿನಂದನೆ. ಇಷ್ಟು ಕಚೇರಿಗಳಲ್ಲಿ ಜನರು ಸಂಪೂರ್ಣ ತೃಪ್ತರಾಗಿರುವುದು ಇಲ್ಲಿ ಮಾತ್ರವಂತೆ. ಈ ದೂರುಮುಕ್ತ ಕಚೇರಿಯ ಗುಟ್ಟೇನೆಂದು ಅರಿಯಲು ಒಂದು ಅಧ್ಯಯನ ತಂಡ ಬರಲಿದೆಯಂತೆ.

ದೊಡ್ಡ ಸಾಹೇಬರು ಬೀಗರಿಬ್ಬರನ್ನೂ ಕೋಣೆಗೆ ಕರೆಸಿ ಬಾಗಿಲು ಹಾಕಿದರು. "ಪ್ರಿಂಟರು ಸರಿ ಮಾಡಿಸೋಣ ಅಂತಿದ್ದೆ. ಈಗ ಬೇಡ. ತಂಡ ಬಂದು ಹೋಗೋವರೆಗೂ ಅದನ್ನ ಯಾರೂ ಮುಟ್ಟೋ ಹಾಗಿಲ್ಲ. ಅದು ಹೇಗಿದೆಯೋ ಹಾಗೇ ಚೆನ್ನಾಗಿದೆ." ಪ್ರಿಂಟರಿಗೆ ಒಂದು ಬಿಳಿ ಬಟ್ಟೆ ಹೊದಿಸಿ, ಮೇಲೊಂದು ಹೂದಾನಿ ಇಡಿಸಿದರು.

ನಲ್ಲಿ ಸಾಹೇಬರಿಗೆ ಇದು ಸರಿಬರಲಿಲ್ಲ. ಆದರೆ ಸರಿಬರಲಿಲ್ಲವೆಂದು ಹೇಳಿದರೆ ಬೀಗರ ಪರ ವಹಿಸಿದಂತಾಗುತ್ತದೆಯಲ್ಲ ಎಂದು ಸುಮ್ಮನಾದರು.

ಅಷ್ಟರಲ್ಲಿ ಮಗಳ ಮನೆಯಲ್ಲಿ ನಲ್ಲಿ ನಿಂತುಹೋಗಿತ್ತು. ಮಗಳು, ಅಳಿಯ ಎರಡನೆಯ ಮಹಡಿಯ ಬಾಡಿಗೆ ಮನೆಯಲ್ಲಿದ್ದರು. ಆ ಬೀದಿಗೇ ನೀರಿರಲಿಲ್ಲ. ಸುದ್ದಿ ಹೆಂಡತಿಯ ಮೂಲಕ ಕಿವಿಗೆ ಬಿದ್ದಾಗ ನಲ್ಲಿ ಸಾಹೇಬರು, "ದೂರು ಅಂದ್ರೆ ಅವಳ ಮಾವನವರ ವಿಭಾಗ. ನಾನು ತಲೆಹಾಕಿದ್ರೆ ಅವರಿಗೆ ಬೇಜಾರಾಗುತ್ತೆ," ಎಂದರು. ಅತ್ತ ದೂರು ಸಾಹೇಬರು ಮಗನಿಗೆ, "ನಲ್ಲಿ ಅಂದ್ರೆ ನಿಮ್ಮ ಮಾವನವರದು. ನಾನು ಬಾಯಿ ಹಾಕೋದು ಮರ್ಯಾದೆಯಲ್ಲ," ಎಂದಿದ್ದರಂತೆ.

ಅಧ್ಯಯನ ತಂಡ ಬರುವ ದಿನ ಬೆಳಿಗ್ಗೆ ಮಗಳೇ ಕಚೇರಿಗೆ ಬಂದಳು. ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಉಬ್ಬಿದ ಚೀಲ. ಸೀದಾ ಅಪ್ಪನ ಮೇಜಿನ ಮುಂದೆ ನಿಂತಳು.

"ಅಪ್ಪ, ಒಂದು ದೂರು ಕೊಡಬೇಕಿತ್ತು."

"ಅದು ಎದುರುಗಡೆ ಕೋಣೆ ಕಣಮ್ಮ. ನಿಮ್ಮ ಮಾವನವರದು."

ಅವಳು ಓಣಿ ದಾಟಿ ಮಾವನ ಮುಂದೆ ನಿಂತಳು. ನಲ್ಲಿ ಸಾಹೇಬರು ಎದ್ದು ಬಾಗಿಲಿಗೆ ಬಂದರು.

"ತಗೊಳ್ತೀನಮ್ಮ, ಯಾಕೆ ತಗೊಳ್ಳಲ್ಲ," ಎನ್ನುತ್ತಿದ್ದರು ದೂರು ಸಾಹೇಬರು. "ಆದ್ರೆ ರಸೀದಿ ಬರಬೇಕಲ್ಲ. ನಿಮ್ಮ ತಂದೆಯವರು ಕಂಪ್ಯೂಟರು ಹಾಕಿದ್ರೆ..."

"ಹಾಕಬಹುದು," ಎಂದರು ನಲ್ಲಿ ಸಾಹೇಬರು ಬಾಗಿಲಿನಿಂದಲೇ. "ಹಾಕಿ ಏನು ಮಾಡೋದು, ಕಾಗದ ಇದ್ರೆ ತಾನೇ."

ಮಗಳು ಒಮ್ಮೆ ಅಪ್ಪನನ್ನು ನೋಡಿದಳು, ಒಮ್ಮೆ ಮಾವನನ್ನು. ಧ್ವನಿ ಏರಿಸಲಿಲ್ಲ. ಮಗುವನ್ನು ಅಪ್ಪನ ಕೈಗೆ ಕೊಟ್ಟಳು. ಚೀಲವನ್ನು ಮಾವನ ಕೈಗೆ ಕೊಟ್ಟಳು.

"ಅದು ಮಗು. ಇದು ಮಗು ಒದ್ದೆ ಮಾಡಿದ ಬಟ್ಟೆ, ಮೂರು ದಿನದ್ದು. ಇದನ್ನೂ ನೀವಿಬ್ರೂ ಹಂಚ್ಕೊಳ್ಳಿ. ನೀರು ಬಂದಾಗ ನನ್ನ ಎಬ್ಬಿಸಿ."

ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ಹೋಗಿ ಕೂತಳು. ಗೋಡೆಗೆ ತಲೆ ಆನಿಸಿದವಳು ಹಾಗೆಯೇ ನಿದ್ದೆ ಹೋದಳು. ಅವಳ ಬಲಗೈ ಮಡಿಲಲ್ಲಿ ಅಂಗಾತ ಬಿದ್ದಿತ್ತು. ಅಂಗೈಗೆ ಅಡ್ಡಲಾಗಿ, ಬಕೆಟ್ಟಿನ ಹಿಡಿ ಒತ್ತಿ ಒತ್ತಿ ಮೂಡಿದ ಕೆಂಪು ಬರೆ. ಎರಡು ಮಹಡಿ ಹತ್ತಿಸಿದ ನೀರಿನ ಗುರುತು. ನಲ್ಲಿ ಸಾಹೇಬರು ಅದನ್ನೇ ನೋಡುತ್ತಾ ನಿಂತರು. ಜನರಿಗೆ ನಲ್ಲಿ ಕೊಡುವುದರಲ್ಲೇ ಆಯುಷ್ಯ ಕಳೆದವನ ಮಗಳ ಕೈ ಇದು ಎಂದುಕೊಂಡರು. ಅದೇ ಹೊತ್ತಿಗೆ ಮಗು ಅವರ ಇಸ್ತ್ರಿ ಮಾಡಿದ ಅಂಗಿಯನ್ನು ಬೆಚ್ಚಗೆ ತೋಯಿಸಿತು.

"ಲೋ," ಎಂದರು ನಲ್ಲಿ ಸಾಹೇಬರು. "ನಿಂತ್ಕೊಂಡು ಏನ್ ನೋಡ್ತೀಯೋ, ಕಾಗದ ತಾರೋ."

ದೂರು ಸಾಹೇಬರು ಒಂದು ಕ್ಷಣ ಕಣ್ಣು ಪಿಳುಕಿಸಿದರು. ಆಮೇಲೆ ಚೀಲವನ್ನು ಪ್ರಿಂಟರಿನ ಪಕ್ಕ ಇಳಿಸಿ, ಹೂದಾನಿಯನ್ನೂ ಬಟ್ಟೆಯನ್ನೂ ತೆಗೆದು, ಕಪಾಟಿನತ್ತ ನಡೆದರು. "ಬರ್ತಿದೀನಿ ಕಣೋ. ನೀನು ಮೊದ್ಲು ಆ ದರಿದ್ರ ಕಂಪ್ಯೂಟರು ಹಾಕು."

ನಲ್ಲಿ ಸಾಹೇಬರು ಒಂದೇ ಕೈಯಲ್ಲಿ ಗುಪ್ತಪದ ಒತ್ತಿದರು. ಪ್ರಿಂಟರು ಒಮ್ಮೆ ನರಳಿ, ಒಮ್ಮೆ ಕೆಮ್ಮಿ, ಒಂದು ಹಾಳೆ ಉಗುಳಿತು. ಅದು ಮಗಳ ರಸೀದಿಯಲ್ಲ, ಹೋದ ತಿಂಗಳು ಯಾವನೋ ಕ್ಷೌರಿಕ ಕೊಟ್ಟ ದೂರು. ಹಿಂದೆಯೇ ಇನ್ನೊಂದು. ಗುಮಾಸ್ತೆ ಅಷ್ಟು ದಿನ ಒತ್ತಿದ್ದೆಲ್ಲ ಸಾಲಿನಲ್ಲಿ ಕಾದು ಕೂತಿತ್ತು. ಒಬ್ಬೊಬ್ಬರ ದೂರೂ ಅವರು ಬಂದುಹೋದಷ್ಟು ಸಲ, ಆಕೆ ಒತ್ತಿದಷ್ಟು ಸಲ, ಎಡೆಬಿಡದೆ ಬರತೊಡಗಿತು. ತಟ್ಟೆ ತುಂಬಿ ಹಾಳೆಗಳು ನೆಲಕ್ಕೆ ಜಾರಿದವು, ಓಣಿಯುದ್ದಕ್ಕೂ ಹರಡಿದವು. ದೂರು ಸಾಹೇಬರು ಕಾಗದ ತುಂಬುತ್ತಲೇ ಇದ್ದರು. ಗುಮಾಸ್ತೆ ಮಂಡಿಯೂರಿ ಹಾಳೆ ಆರಿಸುತ್ತಾ, ಹೊರಗೆ ಕಾದಿದ್ದವರನ್ನು ಹೆಸರು ಹಿಡಿದು ಕೂಗತೊಡಗಿದಳು.

ಅಧ್ಯಯನ ತಂಡ ಮೆಟ್ಟಿಲು ಹತ್ತಿ ಬಂದದ್ದು ಆಗ. ಮುಂದೆ ತಂಡದ ಮುಖ್ಯಸ್ಥೆ, ಹಿಂದೆ ಕೈಯುಜ್ಜುತ್ತಾ ದೊಡ್ಡ ಸಾಹೇಬರು. ಮುಖ್ಯಸ್ಥೆ ಮೊದಲು ಮೂಗಿಗೆ ಸೆರಗು ಹಿಡಿದರು. ಚೀಲದ ಬಾಯಿ ತೆರೆದಿತ್ತು. ಆಮೇಲೆ ಬಗ್ಗಿ ಒಂದು ಹಾಳೆ ಎತ್ತಿಕೊಂಡರು.

"ಏನಿದು?"

"ದೂರು, ಮೇಡಂ," ಎಂದರು ದೂರು ಸಾಹೇಬರು.

"ಯಾವಾಗಿನದು?"

"ದೂರೇ ಇರಲಿಲ್ಲವಲ್ಲ, ಆ ತಿಂಗಳದ್ದು."

ದೊಡ್ಡ ಸಾಹೇಬರ ಮುಖದಲ್ಲಿ ರಕ್ತವಿರಲಿಲ್ಲ. ಆದರೆ ಆ ಕುರ್ಚಿಯಲ್ಲಿ ಸುಮ್ಮನೆ ಕೂತವರಲ್ಲ ಅವರು. ಗಂಟಲು ಸರಿಮಾಡಿಕೊಂಡು, "ನೋಡಿ ಮೇಡಂ, ಇದೇ ನಮ್ಮ ಪದ್ಧತಿ," ಎಂದರು. "ಬಿಡಿಬಿಡಿಯಾಗಿ ದಾಖಲಿಸಿ ಕಾಲಹರಣ ಮಾಡಲ್ಲ. ಎಲ್ಲವನ್ನೂ ಒಟ್ಟು ಮಾಡಿ ಒಂದೇ ದಿನದಲ್ಲಿ ದಾಖಲಿಸ್ತೀವಿ. ಇಷ್ಟು ವೇಗ ನಿಮಗೆ ಇನ್ನೆಲ್ಲೂ ಸಿಗಲ್ಲ." ಮುಖ್ಯಸ್ಥೆ ಅದನ್ನು ಬರೆದುಕೊಂಡರು.

ಮಗಳ ರಸೀದಿ ಬಂದದ್ದು ಊಟದ ಹೊತ್ತಿಗೆ. ಅದಕ್ಕೂ ಮೊದಲು, ನಲ್ಲಿ ವಿಭಾಗದಿಂದಲೇ ಕಳಿಸಿ ಸಾಲಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಆದೇಶ ಹೊರಬಿತ್ತು. ಮಗಳ ಬೀದಿಯ ಪೈಪು ಒಡೆದಿತ್ತು, ರಿಪೇರಿಗೆಂದು ನೀರು ನಿಲ್ಲಿಸಿದ್ದರು, ರಿಪೇರಿ ಅಂದೇ ಮುಗಿದಿತ್ತು. ಮತ್ತೆ ನೀರು ಬಿಡಿ ಎನ್ನುವ ಆದೇಶ ಮಾತ್ರ ಅಚ್ಚಾಗಿರಲಿಲ್ಲ. ನಲ್ಲಿ ಮಂಜೂರಾತಿಯಂತೆ ಇಂಥ ಆದೇಶಕ್ಕೂ ಸಹಿ ಹಾಕಬೇಕಾದವರು ನಲ್ಲಿ ಸಾಹೇಬರೇ. ಒದ್ದೆ ಅಂಗಿಯಲ್ಲೇ ಸಹಿ ಹಾಕಿದರು. ಯಾರ ಕೈಯಲ್ಲೂ ಕೊಟ್ಟು ಕಳಿಸಲಿಲ್ಲ. ಬೀಗರಿಬ್ಬರೂ ಮಗಳನ್ನು ಎಬ್ಬಿಸಿ, ಮಗು, ಚೀಲ, ಆದೇಶ ಎಲ್ಲ ಹಿಡಿದುಕೊಂಡು ತಾವೇ ಹೊರಟರು.

ನೀರುಗಂಟಿ ಬೀದಿ ಕೊನೆಯ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದ. ನೀರು ಬಿಡುವ ಕೀಲಿ ಅವನ ಪಕ್ಕದಲ್ಲೇ ಇತ್ತು. "ದಿನಾ ಇಲ್ಲೇ ಕೂತಿರ್ತೀನಿ ಸಾರ್," ಎಂದ. "ಕಾಗದ ಬರದೆ ತಿರುಗಿಸಿದ್ರೆ ಕೆಲಸ ಹೋಗುತ್ತಲ್ಲ." ಆದೇಶ ನೋಡಿ, ಎದ್ದು, ಕೀಲಿಯನ್ನು ಗುಂಡಿಗಿಳಿಸಿ ತಿರುಗಿಸಿದ. ಮಹಡಿಯ ಮೇಲೆ ನಲ್ಲಿ ಮೊದಲು ಗಾಳಿ ಬಿಟ್ಟಿತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ಚೀಲದ ಬಟ್ಟೆಗಳನ್ನು ದೂರು ಸಾಹೇಬರು ಒಗೆದರು, ನಲ್ಲಿ ಸಾಹೇಬರು ಹಿಂಡಿದರು. ಸರಿಯಾಗಿ ಹಿಂಡಿಲ್ಲವೆಂದು ಇಬ್ಬರೂ ಕಿತ್ತಾಡಿದ್ದು ಕೆಳಗಿನ ಮನೆಗೂ ಕೇಳಿಸಿತು.

ಅತಿವೇಗದ ದೂರು ದಾಖಲಾತಿಗಾಗಿ ದೊಡ್ಡ ಸಾಹೇಬರಿಗೆ ಫಲಕ ಬಂತು. ಕಾಗದ ದುಂದು ಮಾಡಿದ್ದಕ್ಕೆ ಬೀಗರಿಬ್ಬರಿಗೂ ಕಾರಣ ಕೇಳಿ ನೋಟಿಸು ಬಂತು. ರಿಪೇರಿಯವನು ಮತ್ತೆ ಬಂದು, ವೈರನ್ನು ಗೋಡೆಗೆ ಚುಚ್ಚಿ, ಪ್ರಿಂಟರಿಗೆ ಅದರದೇ ವಿಳಾಸ ಕೊಟ್ಟುಹೋದ. ಈಗ ಯಾರ ಕಂಪ್ಯೂಟರಿನಿಂದ ಬೇಕಾದರೂ ಅದಕ್ಕೆ ಅಪ್ಪಣೆ ಹೋಗುತ್ತದೆ. ಆದರೆ ಆ ಒಂದು ದಿನದ ದುಡಿಮೆಯಲ್ಲಿ ಅದರ ಶಾಯಿ ಬತ್ತಿಹೋಗಿದೆ. ಹೊಸ ಶಾಯಿ ತರಿಸಲು ಅಚ್ಚುಮಾಡಿದ ಬೇಡಿಕೆಪತ್ರ ಬೇಕೆಂದು ಉಗ್ರಾಣದವರು ಹಟ ಹಿಡಿದಿದ್ದಾರೆ. ಗುಮಾಸ್ತೆ ಯಾರನ್ನೂ ಕೇಳಲು ಹೋಗದೆ ಪೆನ್ನಿನಲ್ಲೇ ರಸೀದಿ ಬರೆದು, ನಂಬರು ಹಾಕಿ, ಮೊಹರು ಒತ್ತಿ ಕೊಡುತ್ತಿದ್ದಾಳೆ. ಈವರೆಗೆ ಯಾರೂ ಬೇಡವೆಂದಿಲ್ಲ.

ಬೀಗರಿಬ್ಬರೂ ನೋಟಿಸಿಗೆ ಒಂದೇ ಉತ್ತರ ಬರೆದು ಇಬ್ಬರೂ ಸಹಿ ಹಾಕಿ ಕೊಟ್ಟಿದ್ದರು. ಕೈಬರಹದ ಉತ್ತರ ನಡೆಯುವುದಿಲ್ಲ, ಅಚ್ಚು ಮಾಡಿಸಿ ಕೊಡಿ ಎಂದು ದೊಡ್ಡ ಸಾಹೇಬರು ಅದನ್ನು ಹಿಂದಕ್ಕೆ ಕಳಿಸಿದ್ದಾರೆ. ಅದಕ್ಕೆ ಇವರಿಬ್ಬರೂ ಅವಸರ ಮಾಡುತ್ತಿಲ್ಲ.