ಎರಡು ಕುರಿ, ದಿನಕ್ಕೆ ಮೂರು ಸಲ

ಎಪ್ಪತ್ತೆಂಟರ ಸುಗ್ಗಿ ಕಾಲ. ಹರಿಯಬ್ಬೆಯ ತಿಪ್ಪಮ್ಮನ ಗಂಡ ಕರಿಸಿದ್ದಪ್ಪ ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಕುರಿ ಅರಚಿದರೆ ದನಿಯಿಂದಲೇ ಅದು ಯಾವುದೆಂದು ಹೇಳುತ್ತಿದ್ದವನು ಈಗ ಜಗಲಿಯ ಮೇಲೆ ಕಂಬಳಿ ಹೊದ್ದು ಗೋಡೆ ನೋಡುತ್ತ ಕೂತಿರುತ್ತಿದ್ದ. ಊರವರು ಕನಿಕರದವರೇ, ಆದರೆ ಅವರ ಕನಿಕರಕ್ಕೆ ಬುದ್ಧಿ ಕಡಿಮೆ. ಪಾಪ, ದಣಿದಿದ್ದಾನೆ ಎಂದು ಕೋಲು ಕಿತ್ತುಕೊಂಡರು, ಮಂದೆ ಕಿತ್ತುಕೊಂಡರು, ಕೊನೆಗೆ ಎದ್ದು ಹೋಗಿ ನೀರು ಕುಡಿಯುವ ಕೆಲಸವನ್ನೂ ಅವನಿಗೆ ಉಳಿಸಲಿಲ್ಲ.

ಬರುವ ಸೋಮವಾರ ಮಂದೆ ಮೇವಿಗೆಂದು ಭದ್ರಾ ಸೀಮೆಯ ಗದ್ದೆಗಳಿಗೆ ಹೊರಡಬೇಕು. ಮೈದುನ ಮಾರಣ್ಣ ಅಣ್ಣನನ್ನು ಬಿಟ್ಟೇ ಹೋಗುವುದೆಂದು ತೀರ್ಮಾನಿಸಿದ್ದ. ಒಂದು ಸಲ ಮಂದೆಯಿಂದ ಹಿಂದುಳಿದರೆ ಊರು ಅವನನ್ನು ಹುಚ್ಚನೆಂದೇ ಕರೆಯುತ್ತದೆ, ಆಮೇಲೆ ಆ ಹೆಸರು ಸಾಯುವತನಕ ಹೋಗುವುದಿಲ್ಲ. ತಿಪ್ಪಮ್ಮನಿಗೆ ಇದ್ದ ಹೆದರಿಕೆ ಅದೇ.

ಬುಧವಾರ ಆರೋಗ್ಯ ಕೇಂದ್ರದ ನರ್ಸ್ ಮಹಾದೇವಮ್ಮ ಬಂದರು. ಮನಸ್ಸಿನ ಕಾಯಿಲೆಗಳ ಬಗ್ಗೆ ಬೆಂಗಳೂರಿನಲ್ಲಿ ಹದಿನೈದು ದಿನ ತರಬೇತಿ ಪಡೆದು ಬಂದವರು. ಡಾಕ್ಟರಿಗೆ ತೋರಿಸಿ ಮಾತ್ರೆ ಕೊಡಿಸಿದ್ದೂ ಅವರೇ. ತಿಂಗಳ ಮಾತ್ರೆಗೆ ನಿದ್ದೆ ಬಂದಿತ್ತು, ಮಾತು ಬಂದಿರಲಿಲ್ಲ.

"ಮಾತ್ರೆ ತನ್ನ ಕೆಲಸ ಮಾಡ್ತಾ ಐತೆ ತಿಪ್ಪಮ್ಮ. ಯಜಮಾನ್ರ ಕೆಲಸ ನೀವು ಕಿತ್ಕಂಡಿದ್ದೀರಿ. ಕುರಿ ವಾಪಸ್ ಕೊಡ್ರಿ. ಮೊದ್ಲು ಎರಡೇ ಸಾಕು."

"ನನ್ನ ಮಾತು ಮಾರಣ್ಣ ಕೇಳಲ್ಲವ್ವ. ಮೊಹರು ಇದ್ರೆ ಕೇಳ್ತಾನೆ."

ಮಹಾದೇವಮ್ಮ ನಕ್ಕು, ಪುಸ್ತಕದಿಂದ ಔಷಧಿ ಚೀಟಿಯೊಂದನ್ನು ಹರಿದು, ಅದರ ಮೇಲೆ 'ಎರಡು ಕುರಿ' ಎಂದು ಬರೆದು ಮೊಹರು ಒತ್ತಿ ಮುಂದಿನ ಊರಿಗೆ ಹೋದರು.

ಓದು ಬಾರದ ತಿಪ್ಪಮ್ಮ ಮಾರಣ್ಣನನ್ನು ಕರೆದುಕೊಂಡು ಅಂಗಡಿ ಪಂಚಾಕ್ಷರಪ್ಪನ ಹತ್ತಿರ ಹೋದಳು. ಪಂಚಾಕ್ಷರಪ್ಪ ಓದಲು ಕೂತರೆ ಒಂದಕ್ಷರ ಬಿಡುವವನಲ್ಲ. ನರ್ಸಮ್ಮ ಬರೆದದ್ದನ್ನೂ ಓದಿದ, ಚೀಟಿಯಲ್ಲಿ ಮೊದಲೇ ಅಚ್ಚಾಗಿದ್ದನ್ನೂ ಓದಿದ.

"ಎರಡು ಕುರಿ. ದಿನಕ್ಕೆ ಮೂರು ಸಲ, ಊಟವಾದ ಮೇಲೆ. ಕೊಡುವ ಮುಂಚೆ ಚೆನ್ನಾಗಿ ಅಲ್ಲಾಡಿಸುವುದು."

"ಅಲ್ಲಾಡಿಸಾದು ಯಾರನ್ನ?" ಮಾರಣ್ಣ ಕೇಳಿದ.

"ಕುರಿನ. ಮೊಹರು ಐತೆ ನೋಡಪ್ಪ." ಪಂಚಾಕ್ಷರಪ್ಪ ಮೊಹರಿನ ಮೇಲೆ ಬೆರಳಿಟ್ಟ.

ಸರ್ಕಾರದ ಮೊಹರಿಗೆ ಎದುರಾಡುವ ಗಂಡಸು ಹರಿಯಬ್ಬೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಮರುದಿನದಿಂದ ಕರಿಸಿದ್ದಪ್ಪ ಉಂಡು ಕೈ ತೊಳೆಯುವುದೇ ತಡ, ಮಾರಣ್ಣ ಎರಡು ಕುರಿಗಳನ್ನು ಎಳೆತಂದು, ಒಂದೊಂದನ್ನೇ ಹಿಡಿದು ಗದಗದ ಅಲ್ಲಾಡಿಸಿ, ಅಣ್ಣನ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿ ವಾಪಸು ಹೊಡೆದುಕೊಂಡು ಹೋಗುತ್ತಿದ್ದ. ಕೇರಿಯ ಹೆಂಗಸರು ನಗು ತಡೆಯಲಾರದೆ ಸೆರಗು ಕಚ್ಚಿದರು. ತಿಪ್ಪಮ್ಮ ನಗಲಿಲ್ಲ. ಹೊತ್ತು ತಪ್ಪಬಾರದು, ಅವಳಿಗೆ ಅಷ್ಟೇ. ಎರಡು ದಿನ ಕಳೆಯಿತು. ಕರಿಸಿದ್ದಪ್ಪ ಕುರಿಗಳನ್ನೂ ಗೋಡೆಯನ್ನು ನೋಡಿದಂತೆಯೇ ನೋಡಿದ.

ಶನಿವಾರ ಮಧ್ಯಾಹ್ನ ಮಾರಣ್ಣ ಆತುರದಲ್ಲಿ ಹಿಡಿದು ತಂದ ಎರಡರಲ್ಲಿ ಒಂದು ಗಬ್ಬದ ಕುರಿ. ಅದನ್ನು ಎರಡು ಸಲ ಅಲ್ಲಾಡಿಸಿದ್ದ. ಅಷ್ಟರಲ್ಲಿ ಕಂಬಳಿ ಸರಿಯಿತು.

"ಲೇ ಮಾರ, ಕೈ ತೆಗಿಯಲೇ. ಗಬ್ಬದ ಕುರಿನ ಯಾವನಾದ್ರೂ ಹಂಗೆ ಅಲ್ಲಾಡಿಸ್ತಾನಾ? ನಿನ್ನ ಕೈಗೆ ಮಂದೆ ಕೊಟ್ಟೋನು ಯಾವನಲೇ?"

ಮಾರಣ್ಣ ಕೈಬಿಟ್ಟ. ಕರಿಸಿದ್ದಪ್ಪ ಜಗಲಿ ಇಳಿದು ಕುರಿಯ ಹೊಟ್ಟೆ ಸವರಿ ನೋಡಿದ. ಸೂರಿಗೆ ಸಿಕ್ಕಿಸಿದ್ದ ಕೋಲು ಎಳೆದುಕೊಂಡು, ಎರಡನ್ನೂ ಮೆಲ್ಲಗೆ ಹೊಡೆದುಕೊಂಡು ಕುರಿ ಕೂಡುವ ರೊಪ್ಪದ ಕಡೆ ನಡೆದ.

ಮುಂದಿನ ಬುಧವಾರ ಮಹಾದೇವಮ್ಮ ಬಂದಾಗ ಜಗಲಿ ಖಾಲಿ. "ಯಜಮಾನ್ರು ಎಲ್ಲಿ?"

"ಸೋಮ್ವಾರನೇ ಮಂದೆ ಜತೆ ಹೋದ್ರು. ಮಾತ್ರೆ ಕಟ್ಟಿ ಕೊಟ್ಟಿದ್ದೀನಿ." ತಿಪ್ಪಮ್ಮನ ಕಣ್ಣು ತುಂಬಿ ಬಂತು, ಅವಳು ಒರೆಸಿಕೊಳ್ಳಲಿಲ್ಲ. "ಊರಾಚೆ ಹುಣಸೆಮರದ ತನಕ ಮಾರಣ್ಣನ್ನ ಬೈಯ್ಕಂತನೇ ಹೋದ್ರು ಕಣವ್ವ. ನಾನು ನಿಂತು ಪೂರ್ತಿ ಕೇಳಿಸ್ಕಂಡೆ."